ಊರು ಬಿಟ್ಟವರ ಮಾತ್ರೆ

ನಮ್ಮ ಕೋಡಿಯಲ್ಲಿ ಒಂದು ಕಾಲಕ್ಕೆ ಮನೆಗೊಬ್ಬರು ಬೊಂಬಾಯಿಯಲ್ಲಿರುತ್ತಿದ್ದರು. ಹೆಮ್ಮೆಗೆ ಹೇಳುವ ಮಾತಲ್ಲ, ಲೆಕ್ಕಕ್ಕೆ ಹೇಳುವ ಮಾತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪಂಚಗಂಗಾವಳಿಯ ನೀರು, ನಡುವೆ ಹೊಯಿಗೆಯ ಒಂದು ಪಟ್ಟಿ. ಅದರಲ್ಲಿ ತೆಂಗಿನ ಮರ ನಿಂತೀತು, ನಾಲ್ಕು ಮಕ್ಕಳ ಹೊಟ್ಟೆಗಾಗುವಷ್ಟು ಅಕ್ಕಿ ಬೆಳೆಯಲಾರದು. ದೋಣಿಗೆ ಹೋಗುವವರು ದೋಣಿಗೆ ಹೋದರು. ಉಳಿದವರು ಏಳನೇ ಕ್ಲಾಸು ಮುಗಿಯುವುದನ್ನೇ ಕಾದಿದ್ದು ಹೋಟೇಲಿಗೆ ಹೋದರು. ಕುಂದಾಪುರದ ಭಾಷೆಯಲ್ಲಿ ಹುಡುಗನಿಗೆ ಮಾಣಿ ಅನ್ನುತ್ತೇವಲ್ಲ, ಹೋಟೇಲಿನಲ್ಲಿ ತಟ್ಟೆ ಎತ್ತುವವನಿಗೂ ಅದೇ ಹೆಸರು. ಯಾವ ಅರ್ಥ ಮೊದಲು ಹುಟ್ಟಿತೋ ಪಂಡಿತರು ಹೇಳಲಿ. ನಮ್ಮ ಮನೆಗಳಲ್ಲಂತೂ ಒಂದು ಇನ್ನೊಂದಾಗಲು ಒಂದು ರಾತ್ರಿಯ ಬಸ್ಸು ಸಾಕಾಗುತ್ತಿತ್ತು.

ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗಿತು. ಅದಕ್ಕೆ ಮೊದಲು ಬಸ್ಸೇ ಗತಿ. ಹೋದ ಮಾಣಿ ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ. ಟ್ರಂಕು, ಸೆಂಟು, ತಂಗಿಯರಿಗೆ ನೈಲೆಕ್ಸ್ ಸೀರೆ. ಹಗಲು ಕೆಲಸ ಮಾಡಿ ರಾತ್ರಿ ಅಲ್ಲಿಯ ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವರೂ ಇದ್ದರು. ಮಲಗುವುದು ಮಾತ್ರ ಹೋಟೇಲಿನ ಅಟ್ಟದಲ್ಲೋ ಬೆಂಚಿನ ಮೇಲೋ. ಜ್ವರ ಬಂದರೆ ಮಾಲಕರು ಒಂದು ಮಾತ್ರೆ ಕೊಡುತ್ತಿದ್ದರು. ಮೂರು ದಿನಕ್ಕೂ ಇಳಿಯದಿದ್ದರೆ ಊರಿನ ಬಸ್ಸಿನ ಟಿಕೇಟು ಕೊಡುತ್ತಿದ್ದರು. ಆರೋಗ್ಯದ ಹಕ್ಕು ಎಂಬ ದೊಡ್ಡ ಮಾತು ಅಂದಿಗೆ ನಮ್ಮಲ್ಲಿ ಹುಟ್ಟಿರಲಿಲ್ಲ. ದುಡಿಯುವ ತನಕ ಬೊಂಬಾಯಿಯದು, ಸೀಕು ಬಿದ್ದ ಮೇಲೆ ಅಬ್ಬಿಯದು; ಹೀಗೊಂದು ಒಪ್ಪಂದ, ಬರೆದದ್ದಲ್ಲ.

ತೊಂಬತ್ತರ ದಶಕದಲ್ಲಿ ಆ ಒಪ್ಪಂದದಂತೆಯೇ ಕೆಲವರು ಹಿಂದಿರುಗಿದರು. ಆಗಿನ್ನೂ ನಾನು ಕೆಲಸಕ್ಕೆ ಸೇರಿ ಎರಡು ಮೂರು ವರ್ಷ. ಬಸ್ಸಿನಿಂದ ಇಳಿದವರನ್ನು ಅವರ ಮನೆಯವರೇ ಗುರುತು ಹಿಡಿಯಲಾರದ ಹಾಗಾಗಿತ್ತು. ಯಾರೂ ರೋಗದ ಹೆಸರು ಹೇಳುತ್ತಿರಲಿಲ್ಲ. 'ಆ ಸೀಕು' ಅನ್ನುತ್ತಿದ್ದರು, ಅದೂ ಬಾಯಿಗೆ ಸೆರಗು ಅಡ್ಡ ಹಿಡಿದು. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ಅವರಿಂದ. ಇಬ್ಬರೂ ಹೆಂಗಸರು ಎಂಬುದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಆ ಕಾಲದಲ್ಲಿ ಆ ರಕ್ತದ ಸೀಸೆಗಳನ್ನು ಹಿಡಿದು ಓಡಾಡಲು ಎಂಥ ಗಟ್ಟಿತನ ಬೇಕಿತ್ತು ಎಂದು ಯೋಚಿಸಿ.

ಇನ್ನೊಬ್ಬ ಹೆಂಗಸಿನ ಹೆಸರನ್ನೂ ಇಲ್ಲಿ ಹೇಳಬೇಕು. ಗೋವಾದ ಲೂಸಿ ಡಿಸೋಜಾ. ಅವರ ಮಗ ಡೊಮಿನಿಕ್ ರಕ್ತದಾನ ಮಾಡಿದ್ದರಿಂದಲೇ ಅವನ ರಕ್ತದ ಸಂಗತಿ ಹೊರಬಿತ್ತು. 1989ರ ಫೆಬ್ರವರಿಯಲ್ಲಿ ಪೊಲೀಸರು ಹಿಡಿದುಕೊಂಡು ಹೋಗಿ, ಗೋವಾದ ಆರೋಗ್ಯ ಕಾಯಿದೆಯ ಹೆಸರಿನಲ್ಲಿ, ಹಾಳುಬಿದ್ದ ಕ್ಷಯದ ಆಸ್ಪತ್ರೆಯೊಂದರಲ್ಲಿ ಎರಡು ತಿಂಗಳಿಗೂ ಮೀರಿ ಕೂಡಿಹಾಕಿದರು. ಕೋರ್ಟಿಗೆ ಹೋದದ್ದು ತಾಯಿ. ಕೋರ್ಟು ಕೊನೆಗೆ ಆ ಕಾಯಿದೆಯನ್ನೇ ಎತ್ತಿಹಿಡಿಯಿತು, ಮಗ 1992ರಲ್ಲಿ ತೀರಿಕೊಂಡ. ಆದರೂ ರೋಗಿಯನ್ನು ಕೂಡಿಹಾಕಿದರೆ ರೋಗ ನಿಲ್ಲುವುದಿಲ್ಲ ಎಂಬ ಮಾತು ಈ ದೇಶದಲ್ಲಿ ಗಟ್ಟಿಯಾಗಿ ಕೇಳಿಸಿದ್ದು ಅಲ್ಲಿಂದ. ಗೋವಾ ನಮಗೆ ದೂರವಲ್ಲ. ನಮ್ಮ ಕಡೆಯ ಬೋಟಿನವರು ಅಲ್ಲಿಯ ನೀರು ಬಲ್ಲರು.

ನಮ್ಮ ಮನೆಯ ಹಿಂದಿನ ಮನೆಗೆ ಮದುವೆಯಾಗಿ ಬಂದ ಅಕ್ಕನೊಬ್ಬಳಿದ್ದಾಳೆ. ಹೆಸರು ಬದಲಿಸುವ ಬದಲು ಹೇಳದೇ ಬಿಡುತ್ತೇನೆ. ಗಂಡ ಮಾಟುಂಗದಲ್ಲಿ ಹೋಟೇಲು ಕೆಲಸ. ಮದುವೆಯಾಗಿ ಆರು ವರ್ಷ, ಒಟ್ಟು ಸೇರಿ ಬಾಳಿದ್ದು ಏಳೆಂಟು ತಿಂಗಳಿರಬಹುದು. 1996ರ ಮಳೆಗಾಲದಲ್ಲಿ ಆತ ಬಂದ, ಮರುವರ್ಷದ ಮಳೆಗಾಲ ಕಾಣಲಿಲ್ಲ. ಕೊನೆಯ ದಿನಗಳಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ಒಯ್ದಾಗ ಅವರನ್ನು ಒಳಗೆ ಮಲಗಿಸದೆ ಹಿಂಬದಿಯ ಜಗುಲಿಯಲ್ಲಿ ಮಲಗಿಸಿದ್ದರು. ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ, ಕಣ್ಣಾರೆ ಕಂಡಿದ್ದೇನೆ. ಅಕ್ಕನ ರಕ್ತವನ್ನೂ ಅಲ್ಲೇ ತೆಗೆದರು. ಏತಕ್ಕೆ ಎಂದು ಅವಳಿಗೆ ಹೇಳಲಿಲ್ಲ. ಫಲಿತಾಂಶವನ್ನೂ ಅವಳಿಗೆ ಹೇಳಲಿಲ್ಲ, ಮಾವನಿಗೆ ಹೇಳಿದರು. ಮಾವನಿಂದ ಅತ್ತೆಗೆ, ಅತ್ತೆಯಿಂದ ಬಾವಿಕಟ್ಟೆಗೆ. ಊರಿಗೆಲ್ಲ ಗೊತ್ತಾದ ಮೇಲೆ ಕೊನೆಗೆ ಗೊತ್ತಾದದ್ದು ಅವಳಿಗೆ. ಹದಿಮೂರನೆಯ ದಿನ ಮುಗಿದ ಮೇಲೆ ಅವಳ ಬಟ್ಟಲನ್ನು ಬೇರೆ ಇಟ್ಟರು, ತಿಂಗಳು ಕಳೆದ ಮೇಲೆ ಅವಳನ್ನೇ ತವರಿಗೆ ಕಳಿಸಿದರು. ತವರೂ ಕೋಡಿಯೇ, ನಾಲ್ಕು ಹಿತ್ತಲು ಆಚೆ.

ಅದೇ 1997ರಲ್ಲಿ ಬೊಂಬಾಯಿಯ ಹೈಕೋರ್ಟು ಒಂದು ತೀರ್ಪು ಕೊಟ್ಟಿತ್ತು. ಸರಕಾರಿ ನಿಗಮವೊಂದರಲ್ಲಿ ದಿನಗೂಲಿಗೆ ದುಡಿಯುತ್ತಿದ್ದವನನ್ನು ರಕ್ತದಲ್ಲಿ ಈ ವೈರಸ್ಸಿದೆಯೆಂದು ಕೆಲಸದಿಂದ ಬಿಡಿಸಿದ್ದರು. ಮೈಯಲ್ಲಿ ಕಸುವಿದ್ದು ಕೆಲಸ ಮಾಡಬಲ್ಲವನನ್ನು, ಇತರರಿಗೆ ಅಪಾಯವಿಲ್ಲದಿರುವಾಗ, ಆ ಒಂದೇ ಕಾರಣಕ್ಕೆ ಬಿಡಿಸುವಂತಿಲ್ಲ ಎಂದಿತು ಕೋರ್ಟು. ಆತನ ಹೆಸರು ಬಯಲಾಗದಿರಲೆಂದು ತೀರ್ಪಿನಲ್ಲಿ ಅವನನ್ನು 'ಎಂಎಕ್ಸ್' ಎಂದಷ್ಟೇ ಕರೆದರು. ಬಹಳ ವರ್ಷಗಳ ಮೇಲೆ ಇದನ್ನು ಓದಿದಾಗ ನನಗೆ ಅನ್ನಿಸಿದ್ದು: ಅಷ್ಟು ದೊಡ್ಡ ಕೋರ್ಟಿಗೆ ಗುಟ್ಟು ಕಾಯಲು ಬಂತು, ನಮ್ಮ ಬಾವಿಕಟ್ಟೆಗೆ ಬರಲಿಲ್ಲವಲ್ಲ.

ಅಕ್ಕ ಬೀಡಿ ಕಟ್ಟಿದಳು, ಮೀನು ಒಣಗಿಸುವಲ್ಲಿಗೆ ಹೋದಳು. ಮದ್ದು ಇದೆಯೆಂದು ಆಗಲೇ ಗೊತ್ತಿತ್ತು, ಆದರೆ ನಮ್ಮಂಥವರ ಕೈಗೆ ಎಟಕುವ ಬೆಲೆಯಲ್ಲ. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪೆನಿ ಮೂರು ಮದ್ದುಗಳನ್ನು ಸೇರಿಸಿ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆಂದಿತು. ಜಗತ್ತೇ ಬೆರಗಾಯಿತಂತೆ. ದಿನವಿಡೀ ಬೀಡಿ ಕಟ್ಟಿ ಅಷ್ಟು ದುಡಿಯದವಳಿಗೆ ಅದರಿಂದ ಏನೂ ಆಗಲಿಲ್ಲ. 2004ರ ಏಪ್ರಿಲ್ ಒಂದರಂದು ಸರಕಾರವೇ ಉಚಿತವಾಗಿ ಕೊಡಲು ಹೊರಟಿತು. ಮೊದಮೊದಲು ದೇಶದ ಬೆರಳೆಣಿಕೆಯ ಆಸ್ಪತ್ರೆಗಳಲ್ಲಿ, ಅದೂ ರಕ್ತದ ಸಿಡಿ4 ಕಣಗಳ ಎಣಿಕೆ 200ಕ್ಕಿಂತ ಕೆಳಗೆ ಇಳಿದವರಿಗೆ. ಅಂದರೆ ಮನೆ ಮುಕ್ಕಾಲು ಉರಿದ ಮೇಲೆ ಕೊಡಪಾನ ಕೊಡುವ ಲೆಕ್ಕ. (ಈ ನಿಯಮ ಪೂರ್ತಿ ಹೋಗಿ, ಪತ್ತೆಯಾದ ಕೂಡಲೇ ಮದ್ದು ಎಂದಾದದ್ದು 2017ರಲ್ಲಿ.) ಅಕ್ಕನ ಎಣಿಕೆಯೂ ಒಂದು ದಿನ ಇಳಿಯಿತು, ಮಾತ್ರೆ ಸಿಕ್ಕಿತು. ಮೊದಲ ಎರಡು ತಿಂಗಳು ವಾಂತಿಯೋ ವಾಂತಿ. ಆಮೇಲೆ ಚೇತರಿಸಿಕೊಂಡಳು. ಈಗ ಅವಳಿಗೆ ಅರವತ್ತು ಹತ್ತಿರ. ಉಡುಪಿಯ ಅಜ್ಜರಕಾಡಿನ ಆಸ್ಪತ್ರೆಗೆ ಹೋಗಿ ಬರುತ್ತಾಳೆ, ದಾರಿಯಲ್ಲಿ ಕೃಷ್ಣಮಠಕ್ಕೂ. ಒಮ್ಮೆ ಮಾತ್ರೆಯ ಡಬ್ಬಿಯನ್ನು ಅಲುಗಿಸಿ ತೋರಿಸಿ ಅಂದಳು: "ಅವ್ರ್ ಬೊಂಬಾಯಿಂದ ತಂದ್ ಸೀರಿ ಎಲ್ಲ ಹರ್ದ್ ಹೋಯ್ತ್. ಇದೊಂದ್ ಮಾತ್ರ ಇನ್ನೂ ಇತ್ತ್ ಕಾಣ್."

ಗಂಡನನ್ನು ಅವಳು ಬೈದದ್ದನ್ನು ನಾನು ಕೇಳಿಲ್ಲ. ನಾನು ಬೈಯಲು ಹೊರಟಾಗ ಸುಮ್ಮನಾಗಿಸಿದ್ದಾಳೆ. ಹದಿನಾಲ್ಕು ವರ್ಷಕ್ಕೆ ಮನೆ ಬಿಟ್ಟ ಮಾಣಿಗೆ ಯಾರು ಏನು ಹೇಳಿಕೊಟ್ಟಿದ್ದರು ಹೇಳಿ. ನಾವು ಹೇಳಿಕೊಟ್ಟದ್ದು ಮಗ್ಗಿ, ಬಾಯಿಪಾಠದ ಪದ್ಯ. ಬಸ್‌ಸ್ಟ್ಯಾಂಡಿನ ಗೋಡೆಗಳಲ್ಲಿ ಕೆಂಪು ತ್ರಿಕೋನದ ಕೆಳಗೆ ನಿರೋಧ್ ಎಂದು ಬರೆದಿರುತ್ತಿತ್ತು. ಮಕ್ಕಳು ಅಕ್ಷರ ಜೋಡಿಸಿ ಓದಿದರೆ ನಾವು 'ಮುಂದೆ ನೋಡಿ' ಅನ್ನುತ್ತಿದ್ದೆವು. 2005ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಎಂಬ ಕಾರ್ಯಕ್ರಮ ಬಂತು, ಏಡ್ಸ್ ತಡೆಯುವುದು ಅದರ ಮುಖ್ಯ ಉದ್ದೇಶಗಳಲ್ಲೊಂದು. ಚಿತ್ರಗಳು ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲವೆಂದು ಗದ್ದಲವಾಗಿ 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆದವು. ಸಂಸ್ಕೃತಿಯ ಚಿಂತೆ ಮಾಡಿದವರ ಮಕ್ಕಳು ಹೋಟೇಲಿನ ಅಟ್ಟದಲ್ಲಿ ಮಲಗುವವರಲ್ಲ. ಇದು ನನ್ನ ಅಭಿಪ್ರಾಯ, ಸ್ಟಾಫ್ ರೂಮಿನಲ್ಲಿ ಹೇಳಿ ಬೈಸಿಕೊಂಡದ್ದೂ ಆಗಿದೆ.

ಈ ಮಾತನ್ನು ನಾಚಿಕೆಯಿಲ್ಲದೆ ಆಡಲು ಕಲಿತವರು ಬೇರೆಯೇ ಹೆಂಗಸರು. ಸಾಂಗ್ಲಿಯಲ್ಲಿ 1992ರಲ್ಲಿ ಸಂಗ್ರಾಮ್ ಎಂಬ ಸಂಸ್ಥೆ ಹುಟ್ಟಿತು. ಅದರ ಜೊತೆ ಕೆಲಸ ಮಾಡಿದ ಲೈಂಗಿಕ ವೃತ್ತಿಯ ಹೆಂಗಸರು 1996ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಅವರಲ್ಲಿ ಅನೇಕರು ನಮ್ಮ ಗಡಿಜಿಲ್ಲೆಗಳ ಕನ್ನಡದ ಹೆಂಗಸರೇ, ಮುತ್ತು ಕಟ್ಟಿಸಿಕೊಂಡು ಊರು ಬಿಟ್ಟವರು. ಕಾಂಡೋಮ್ ಇಲ್ಲದೆ ಬಂದವನನ್ನು ಹೊರಗೆ ಕಳಿಸುವ ಧೈರ್ಯವನ್ನು ಅವರು ಒಬ್ಬರಿಗೊಬ್ಬರು ಹೇಳಿಕೊಟ್ಟರು. ನಮ್ಮ ಮಾಣಿಗಳಿಗೆ ನಾವು ಕಲಿಸದ ಪಾಠವನ್ನು ಕಲಿಸಿದವರು ಅಂಥವರು. ಅವರನ್ನು ನಾವು ಏನೆಂದು ಕರೆಯುತ್ತೇವೆ ಎಂಬುದು ನಿಮಗೂ ಗೊತ್ತು.

2020ರ ಮೇ ತಿಂಗಳಲ್ಲಿ ಬೊಂಬಾಯಿ ಮತ್ತೊಮ್ಮೆ ಊರಿಗೆ ಬಂತು, ಈ ಸಲ ಒಟ್ಟಿಗೆ. ಕೊರೋನಾದಿಂದ ಹೋಟೇಲುಗಳು ಮುಚ್ಚಿ, ಪಾಸು ಮಾಡಿಸಿಕೊಂಡು ಸಾವಿರಾರು ಜನ ಶಿರೂರಿನ ಗೇಟು ದಾಟಿ ಜಿಲ್ಲೆಯೊಳಗೆ ಬಂದರು. ಕುಂದಾಪುರ, ಬೈಂದೂರಿನ ಶಾಲೆಗಳೆಲ್ಲ ಕ್ವಾರಂಟೈನ್ ಆದವು. ಟೀಚರುಗಳಿಗೂ ಡ್ಯೂಟಿ. ನನ್ನ ಪಾಲಿಗೆ ಬಂದ ಶಾಲೆಯ ಒಂದೊಂದು ಕೋಣೆಯಲ್ಲಿ ಎಂಟು ಹತ್ತು ಗಂಡಸರು, ಮಕ್ಕಳ ಬೆಂಚು ಜೋಡಿಸಿ ಮಲಗಿದ್ದರು. ಊರಿನವರು ಗೇಟಿನಾಚೆ ನಿಂತು, ತಮ್ಮದೇ ಅಣ್ಣತಮ್ಮಂದಿರನ್ನು ಪರಕೀಯರ ಹಾಗೆ ನೋಡುತ್ತಿದ್ದರು. ಸೀಕು ತಂದವರು ಎಂಬ ಆ ಹಳೆಯ ನೋಟ ನನಗೆ ಚೆನ್ನಾಗಿ ನೆನಪಿತ್ತು.

ಮೂರನೆಯ ದಿನ ಒಬ್ಬಾತ, ನಲವತ್ತರ ಆಸುಪಾಸಿನವ, ಊಟದ ಪಟ್ಟಿಗೆ ಸಹಿ ಹಾಕುವಾಗ ಪಟ್ಟಿಯ ಅಡಿಗೆ ಒಂದು ಚೀಟಿ ಸರಿಸಿದ. 'ನನ್ನ ಎಆರ್‌ಟಿ ಮಾತ್ರೆ ನಾಲ್ಕು ದಿನಕ್ಕಿದೆ. ಇಲ್ಲಿ ಯಾರಿಗೂ ಗೊತ್ತಿಲ್ಲ' ಎಂದಿತ್ತು. ಅಕ್ಷರ ದುಂಡಗಿತ್ತು, ರಾತ್ರಿ ಶಾಲೆಯದಿರಬೇಕು. ಓದಿ ಮಡಚಿ, ಮುಖ ಬದಲಾಗದ ಹಾಗೆ "ನಿಮ್ಮ ಬಿಪಿ ಮಾತ್ರೆ ತರಿಸ್ತೆ ಅಣ್ಣಾ" ಅಂದೆ. ಕೋಣೆಯ ಉಳಿದವರಿಗೆ ಅದು ಬಿಪಿ ಮಾತ್ರೆಯಾಗಿಯೇ ಉಳಿಯಿತು. ದಾದಿಯೊಬ್ಬರಿಗೆ ಫೋನು ಮಾಡಿದೆ, ಅವರು ಉಡುಪಿಗೆ ಮಾಡಿದರು. ಯಾವ ಊರಿನಲ್ಲಿ ಹೆಸರು ಬರೆಸಿದ್ದರೂ ಹತ್ತಿರದ ಕೇಂದ್ರದಲ್ಲಿ ಮಾತ್ರೆ ಕೊಡಬಹುದು, ಒಮ್ಮೆಗೇ ಹಲವು ತಿಂಗಳಿಗಾಗುವಷ್ಟು ಕೊಡಬಹುದು ಎಂದು ಆ ಲಾಕ್‌ಡೌನಿನಲ್ಲಿ ದಿಲ್ಲಿಯ ಏಡ್ಸ್ ನಿಯಂತ್ರಣ ಸಂಸ್ಥೆ ಆದೇಶ ಮಾಡಿತ್ತು. ಮೂರನೆಯ ದಿನಕ್ಕೆ ಡಬ್ಬಿ ಬಂತು, ಲೇಬಲ್ಲು ಕಾಣದ ಹಾಗೆ ಪೇಪರು ಸುತ್ತಿ. ಸುತ್ತಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಈ ಮಾತ್ರೆಯ ವಿಷಯದಲ್ಲಿ ಒಂದು ತಿಳಿಯಬೇಕು. ದಿನ ತಪ್ಪಿಸದೆ ನುಂಗಿದರೆ ವೈರಸ್ಸು ರಕ್ತದಲ್ಲಿ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಆ ಸ್ಥಿತಿಯನ್ನು ಕಾಯ್ದುಕೊಂಡವರಿಂದ ಗಂಡಹೆಂಡಿರ ಕೂಡುವಿಕೆಯಲ್ಲಿ ಇನ್ನೊಬ್ಬರಿಗೆ ಹರಡುವುದಿಲ್ಲ. ಬಸುರಿ ಮದ್ದು ತೆಗೆದುಕೊಳ್ಳದಿದ್ದರೆ ಮಗುವಿಗೆ ದಾಟುವ ಸಂಭವ ನೂರಕ್ಕೆ 15ರಿಂದ 45. ತೆಗೆದುಕೊಂಡರೆ 5ಕ್ಕಿಂತ ಕಡಿಮೆ. ತಪ್ಪಿಸಿ ತಪ್ಪಿಸಿ ನುಂಗಿದರೆ ಮಾತ್ರ ವೈರಸ್ಸು ಮದ್ದಿಗೆ ಪಳಗಿಬಿಡುತ್ತದೆ, ಆಮೇಲೆ ಆ ಮದ್ದು ನಾಟುವುದಿಲ್ಲ. ಆದ್ದರಿಂದ ಊರೂರು ತಿರುಗುವವರಿಗೆ ಇದು ನಮಗಿಂತ ಎರಡು ಪಟ್ಟು ಕಷ್ಟ.

ಈಗ ನಮ್ಮ ಕೋಡಿಯಿಂದ ಹೋಗುವವರು ಕಡಿಮೆ, ಬರುವವರು ಹೆಚ್ಚು. ಮನೆ ಕಟ್ಟುವವರು ಕೊಪ್ಪಳ, ರಾಯಚೂರು, ಬಾಗಲಕೋಟೆಯವರು. ಮೀನಿನ ಬೋಟುಗಳಲ್ಲಿ ಒಡಿಶಾ, ಜಾರ್ಖಂಡಿನ ಹುಡುಗರು. ಜೂನ್ ಜುಲೈನ 61 ದಿನ ಮೀನುಗಾರಿಕೆ ನಿಷೇಧವಿರುವಾಗ ಊರಿಗೆ ಹೋಗಿ, ಆಗಸ್ಟಿನಲ್ಲಿ ಬರುತ್ತಾರೆ. ಕೊಪ್ಪಳದವರನ್ನು ನಾವು 'ಘಟ್ಟದ ಮೇಲಿನವರು' ಅನ್ನುತ್ತೇವೆ. ಬೊಂಬಾಯಿಯವರು ನಮ್ಮ ಮಾಣಿಗಳನ್ನು ಕರೆಯುತ್ತಿದ್ದ ದನಿಯೂ ಇದೇ ಇದ್ದಿರಬೇಕು. ಸರಕಾರದ ಏಡ್ಸ್ ಕಾಗದಗಳಲ್ಲಿ ವಲಸೆಗಾರರಿಗೆ ಸೇತುವೆಯ ಜನ ಎಂಬರ್ಥದ ಹೆಸರಿದೆ. ರೋಗ ಅವರ ಮೇಲೆ ಹಾದು ಮನೆಗಳಿಗೆ ಬರುತ್ತದೆಂದು. ನನಗೆ ಆ ಹೆಸರು ಹಿಡಿಸಿಲ್ಲ. ಮದ್ದೂ ಆ ಸೇತುವೆಯ ಮೇಲೆ ಹಾದು ಹೋಗಬಹುದಲ್ಲ. ನಮ್ಮ ಕೋಡಿಯ ಲೈಟ್‌ಹೌಸಿನ ಬಳಿ ನಿಂತರೆ ಗಂಗೊಳ್ಳಿ ಕೂಗಳತೆಯಲ್ಲಿ ಕಾಣುತ್ತದೆ. ರಸ್ತೆಯಲ್ಲಿ ಹೋಗಬೇಕಾದರೆ ಕುಂದಾಪುರ, ಹೆಮ್ಮಾಡಿ ಎಲ್ಲ ಸುತ್ತಬೇಕು. ಕೂಲಿಯವರಿಗೆ ಆಸ್ಪತ್ರೆ ಹಾಗೆ.

ನನ್ನ ತರಗತಿಗೆ ದೀಪಾವಳಿ ಕಳೆದು ಬಂದು ಬೇಸಿಗೆಗೆ ಹೋಗಿಬಿಡುವ ಹುಡುಗಿಯೊಬ್ಬಳಿದ್ದಳು, ಕೊಪ್ಪಳದ ಕಡೆಯವಳು. ಅಪ್ಪ ಇಲ್ಲ, ತಾಯಿ ಕಲ್ಲುಮಣ್ಣು ಹೊರುವವಳು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ತಾಯಿ ಬಂದು, ಎಲ್ಲರೂ ಹೋಗುವವರೆಗೆ ಕಾದು, ಸೀರೆಯ ಮಡಿಲಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಒಳಗೆ ಹಸಿರು ರಟ್ಟಿನ ಪುಸ್ತಕ, ಅರ್ಧ ಡಬ್ಬಿ ಮಾತ್ರೆ. "ಟೀಚರ್ರಿ, ಇದನ್ನ ನಿಮ್ಮ ಕಪಾಟಿನ್ಯಾಗ ಇಟ್ಕೋರಿ. ಶೆಡ್ಡಿನ್ಯಾಗ ಎಲ್ಲಾರ ಕಣ್ಣ ಬೀಳತೈತಿ. ಮೇಸ್ತ್ರಿಗೆ ಗೊತ್ತಾತಂದ್ರ ನಾಳಿಂದ ಕೆಲಸ ಇಲ್ಲ." ಆ ಹಸಿರು ಪುಸ್ತಕ ನನಗೆ ಗುರುತಿತ್ತು, ಅಕ್ಕನ ಮನೆಯಲ್ಲಿ ಕಂಡದ್ದು. ಇವಳು ಪ್ರತಿ ತಿಂಗಳೂ ಮಾತ್ರೆಗಾಗಿ ಕೊಪ್ಪಳಕ್ಕೇ ಹೋಗುತ್ತಿದ್ದಳು. ಎರಡು ರಾತ್ರಿ ಬಸ್ಸು, ಎರಡು ದಿನದ ಕೂಲಿ ಹೋಯಿತು, ಮಗಳು ಶೆಡ್ಡಿನಲ್ಲಿ ಒಬ್ಬಳೇ. ಹೋದ ತಿಂಗಳು ಹೋಗಲಾಗದೆ ದಿನ ಬಿಟ್ಟು ದಿನ ನುಂಗಿ ಉಳಿಸಿದ್ದಳಂತೆ.

ನಾನು ಒಂದು ದಿನ ರಜೆ ಹಾಕಿ ಅವಳ ಜೊತೆ ಉಡುಪಿಗೆ ಹೋದೆ. ಜೊತೆಗೆ ನಮ್ಮ ಅಕ್ಕನೂ ಬಂದಳು, ತಾನಾಗಿಯೇ. ಸಮಾಲೋಚನೆಯ ಹುಡುಗಿ ಹಸಿರು ಪುಸ್ತಕ ನೋಡಿ, ಕೊಪ್ಪಳಕ್ಕೆ ಫೋನು ಮಾಡಿ ವರ್ಗಾವಣೆಯ ಕಾಗದಕ್ಕೆ ಹೇಳಿದಳು, ಅಂದಿಗೆ ಮಾತ್ರೆಯನ್ನೂ ಕೊಡಿಸಿದಳು. ಇಷ್ಟು ಸುಲಭವೇ ಅಂದುಕೊಂಡೆ. ಹೊರಗೆ ಬಂದ ಮೇಲೆ ಆ ತಾಯಿ ನಕ್ಕಳು. "ಸುಲಭರೀ, ಒಂದ ಕಡೆ ಇರೋರಿಗೆ. ನಾವು ಗುಳೇ ಹೊಂಟೋರು. ನಾನು ಬರೂದ್ಕಿಂತ ಮೊದ್ಲ ನನ್ನ ಕಾಗದ ಬರಾಂಗಿಲ್ಲ." ನಾಲ್ಕು ತಿಂಗಳಿಗೊಮ್ಮೆ ಊರು ಬದಲಿಸುವವರ ಹಿಂದೆ ಕಾಗದ ಓಡಿ ಓಡಿ ಸುಸ್ತಾಗುತ್ತದೆ. ಇವಳಿಗೆ ಕನ್ನಡವಾದರೂ ಇತ್ತು. ಬೋಟಿನ ಒಡಿಯಾ ಹುಡುಗ ಯಾವ ಟೀಚರಿಗೆ ಚೀಟಿ ಬರೆಯಬೇಕು?

ಬಸ್ಸಿನಲ್ಲಿ ಬರುವಾಗ ನಾನು ಕಾನೂನಿನ ಪಾಠ ಮಾಡಿದೆ. ಟೀಚರ್ ಅಲ್ಲವೇ, ಸುಮ್ಮನಿರಲಾಗುವುದಿಲ್ಲ. 2017ರಲ್ಲಿ ಎಚ್‌ಐವಿ ಕಾಯಿದೆ ಆಗಿದೆ, 2018ರ ಸೆಪ್ಟೆಂಬರ್ ಹತ್ತರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ರಕ್ತ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ಈ ಕಾರಣಕ್ಕೆ ಕೆಲಸ, ಬಾಡಿಗೆ ಮನೆ, ಶಾಲೆ, ಆಸ್ಪತ್ರೆ ನಿರಾಕರಿಸುವಂತಿಲ್ಲ. ಗಂಡನ ಮನೆಯಿಂದ ಹೊರಗೆ ಹಾಕುವಂತಿಲ್ಲ. ಅಕ್ಕ ಕಿಟಕಿಯ ಹೊರಗೆ ನೋಡುತ್ತ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ಒಂದೊಂದೂ ಅವಳಿಗೆ ಆಗಿದ್ದೇ. ದೂರು ಕೇಳುವ ಅಧಿಕಾರಿ ಇರಬೇಕಾದದ್ದು ನೂರು ಜನರಿಗಿಂತ ಕಡಿಮೆಯಿಲ್ಲದ ಕಡೆ, ಆಸ್ಪತ್ರೆಯಾದರೆ ಇಪ್ಪತ್ತು. ಮೇಸ್ತ್ರಿಯ ಶೆಡ್ಡಿನಲ್ಲಿ ಇದ್ದವರು ಹದಿನಾಲ್ಕು. ಇನ್ನು ಮದ್ದು ಕೊಡುವ ಬಗ್ಗೆ ಕಾಯಿದೆಯಲ್ಲಿ 'ಸಾಧ್ಯವಾದ ಮಟ್ಟಿಗೆ' ಎಂದು ಬರೆದಿದ್ದಾರೆ. ಕಾಯಿದೆ ಬರುವಾಗಲೇ ರೋಗಿಗಳ ಸಂಘಗಳು ಆ ಎರಡು ಪದಗಳನ್ನು ತೆಗೆಯಿರೆಂದು ಕೂಗಿದವು. ಉಳಿದುಕೊಂಡಿವೆ. ಮನೆಯ ಲೆಕ್ಕ ಬರೆಯುವ ಹೆಂಗಸರಿಗೆ ಆ ಪದಗಳ ತೂಕ ಗೊತ್ತಾಗುತ್ತದೆ. 'ಸಾಧ್ಯವಾದರೆ ಅಕ್ಕಿ ತರುತ್ತೇನೆ' ಎಂದ ಗಂಡಸಿನ ಮನೆಯಲ್ಲಿ ನೀವು ಒಲೆಗೆ ಎಸರಿಡುತ್ತೀರಾ?

ಆ ವರ್ಷವಿಡೀ ಹಸಿರು ಪುಸ್ತಕ ನನ್ನ ಕಪಾಟಿನಲ್ಲಿ, ಹಾಜರಿ ಪುಸ್ತಕಗಳ ಕೆಳಗಿತ್ತು. ಸಂಜೆ ಮಗಳು ಬಂದು ಮಾತ್ರೆ ಒಯ್ಯುತ್ತಿದ್ದಳು, ಅದು ಏನೆಂದು ಕೇಳುತ್ತಿರಲಿಲ್ಲ. ಅವಳ ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ ಎಂದು ಹೇಳಿಬಿಡುತ್ತೇನೆ, ಓದುವವರು ಅದನ್ನೇ ಯೋಚಿಸುತ್ತಿರುತ್ತೀರಿ. ಬೇಸಿಗೆಯಲ್ಲಿ ಹೋಗುವಾಗ ವರ್ಗಾವಣೆ ಪತ್ರ ಎರಡು ಇದ್ದವು, ಒಂದು ಮಗಳ ಶಾಲೆಯದು, ಒಂದು ತಾಯಿಯದು.

ಮುಂದಿನ ದೀಪಾವಳಿಗೆ ಅವರು ಬರಲಿಲ್ಲ. ಡಿಸೆಂಬರಿನಲ್ಲಿ ಒಂದು ರಾತ್ರಿ ಫೋನು ಬಂತು. ಮೇಸ್ತ್ರಿ ಈ ಸಲ ಗೋವಾಕ್ಕೆ ಕರೆದುಕೊಂಡು ಹೋಗಿದ್ದನಂತೆ, ವಾಸ್ಕೋದ ಹತ್ತಿರ ದೊಡ್ಡ ಕಟ್ಟಡ. ಮಾತ್ರೆ ಒಂಬತ್ತು ದಿನಕ್ಕೆ ಇದೆಯೆಂದಳು. 1097 ಎಂಬ ಉಚಿತ ಫೋನು ನಂಬರು ಕೊಟ್ಟೆ. ಮರುದಿನ ನಾನೇ ಅಲ್ಲಿ ಇಲ್ಲಿ ವಿಚಾರಿಸಿ, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಕೊಡುತ್ತಾರೆ, ಹಸಿರು ಪುಸ್ತಕ ತೆಗೆದುಕೊಂಡು ಹೋಗು ಎಂದೆ.

"ಅಲ್ಲಿಗೆ ವಾಸ್ಕೋದಿಂದ ಬಸ್ ಐತೇನ್ರೀ ಟೀಚರ್ರಿ?" ಅಂದಳು. "ಇದೆ" ಅಂದೆ. "ಹಂಗಾರ ಸೋಮವಾರ ಹೋಗ್ತೀನ್ರಿ. ರವಿವಾರ ಪಗಾರ ಕೊಡ್ತಾನ." ಹಿಂದಿನಿಂದ ಮಗಳು, ಅಲ್ಲಿ ಶಾಲೆಯಲ್ಲಿ ಕನ್ನಡವಿಲ್ಲವೆಂದು ಕೂಗಿ ಹೇಳುತ್ತಿದ್ದಳು.